ಹಳೇ ಸಿಮೆಂಟ್ ಶೀಟಿಗೆ ಗ್ರೈಂಡರ್ ಹಾಕೋ ಮುಂಚೆ

ಮಳೆಗಾಲ ಹತ್ತಿರ ಬಂತು ಅಂದ್ರೆ ಕೊಟ್ಟಿಗೆ, ಹುಳು ಮನೆ, ಮೋಟಾರ್ ಮನೆ ಸೂರು ಸರಿ ಮಾಡೋ ಕೆಲಸ ಎಲ್ಲಾ ಊರಲ್ಲೂ ಶುರುವಾಗುತ್ತೆ. ಅದಕ್ಕೇ ಈ ವಾರ ಬೆಳೆ, ಗೊಬ್ಬರ, ಔಷಧಿ ಸುದ್ದಿ ಬಿಟ್ಟು ನಮ್ಮ ತಲೆ ಮೇಲಿರೋ ಶೀಟಿನ ವಿಷಯ ಬರೀತಿದ್ದೀನಿ. ಮೊದಲು ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ.

ನಮ್ಮದು ಕನಕಪುರದ ಕಡೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹುಳು ಮನೆಯನ್ನ ಹತ್ತಡಿ ಮುಂದಕ್ಕೆ ಎಳೆಯೋಣ ಅಂತ ಹೊರಟೆ. ಅಪ್ಪನ ಕಾಲದ ಹಳೇ ಕೊಟ್ಟಿಗೆಯಿಂದ ಬಿಚ್ಚಿದ ಸಿಮೆಂಟ್ ಶೀಟುಗಳು ಹಿತ್ತಲಲ್ಲಿ ಬಿದ್ದಿದ್ದವು. ಹೊಸದಕ್ಕೆ ಯಾಕೆ ದುಡ್ಡು ಹಾಕೋದು ಅಂದ್ಕೊಂಡು ಬಾಡಿಗೆಗೆ ಗ್ರೈಂಡರ್ ತಂದು ಒಂಬತ್ತು ಶೀಟು ಅಳತೆಗೆ ಕುಯ್ದೆ. ಮೈದಾ ಹಿಟ್ಟು ಎರಚಿದ ಹಾಗೆ ಬಿಳೀ ದೂಳು. ಮೂಗಿಗೆ ಟವೆಲ್ ಕಟ್ಟಿದ್ದೆ, ಅಷ್ಟೇ. ಸಂಜೆ ನನ್ನ ಹೆಂಡತಿ ಅದನ್ನೆಲ್ಲಾ ಪೊರಕೆಯಲ್ಲಿ ಗುಡಿಸಿದಳು. ನಾಲ್ಕು ವರ್ಷದ ಮಗಳು ಪಕ್ಕದಲ್ಲೇ ಕೂತು ಆ ದೂಳಲ್ಲಿ ಬೆರಳಿಂದ ರಂಗೋಲಿ ಬರೀತಿದ್ದಳು. ಅದರ ಫೋಟೋ ಕೂಡ ತೆಗೆದು ಸ್ಟೇಟಸ್ ಹಾಕಿದ್ದೆ.

ಆ ಫೋಟೋ ನೋಡಿ ನಮ್ಮ ಸೋದರಮಾವ ಫೋನ್ ಮಾಡಿದರು. ಮಾವ ಬೆಂಗಳೂರಲ್ಲಿ ಇಪ್ಪತ್ತೈದು ವರ್ಷ ಶೀಟ್ ಫಿಟ್ಟಿಂಗ್ ಮಾಡಿದವರು. ಗೋಡೌನು, ಕಾರ್ಖಾನೆ ಶೆಡ್ಡು, ಕೋಳಿ ಫಾರಂ, ಯಾವುದು ಕರೆದರೂ ಹೋಗ್ತಿದ್ದರು. ಆಗಲೇ ಅವರಿಗೆ ಹತ್ತು ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು. "ಅಳಿಯ, ಆ ಮಗೂನ ಅಲ್ಲಿಂದ ಎತ್ತು ಮೊದಲು. ನೀರು ಹಾಕಿ ತೊಳಿ. ಪೊರಕೆ ಮುಟ್ಟಬೇಡಿ" ಅಂದರು. ಒಂದೊಂದು ಮಾತಿಗೂ ಮಧ್ಯೆ ನಿಲ್ಲಿಸಿ ಉಸಿರು ತಗೊಂಡು ಹೇಳಿದರು. ನಾನು ನಕ್ಕು, "ಸಿಮೆಂಟ್ ದೂಳು ತಾನೆ ಮಾವ" ಅಂದೆ.

ಅದು ಬರೀ ಸಿಮೆಂಟ್ ದೂಳಲ್ಲ. ನಾವು ಸಿಮೆಂಟ್ ಶೀಟು, ಎ.ಸಿ. ಶೀಟು ಅಂತ ಕರೆಯೋದರ ಪೂರ್ತಿ ಹೆಸರು ಆಸ್ಬೆಸ್ಟಾಸ್ ಸಿಮೆಂಟ್ ಶೀಟು. ಸಿಮೆಂಟು, ಹಾರುಬೂದಿ ಜೊತೆಗೆ ಸುಮಾರು ಹತ್ತರಲ್ಲಿ ಒಂದು ಪಾಲು ಆಸ್ಬೆಸ್ಟಾಸ್ ನಾರು ಸೇರಿಸಿ ಮಾಡ್ತಾರೆ. ಮಣ್ಣಿನ ಗೋಡೆ ಮೆತ್ತೋವಾಗ ಬಿರುಕು ಬಿಡದಿರಲಿ ಅಂತ ಹುಲ್ಲು ಸೇರಿಸ್ತಿದ್ದರಲ್ಲ, ಅದೇ ಕೆಲಸವನ್ನ ಇಲ್ಲಿ ಈ ನಾರು ಮಾಡುತ್ತೆ. ಒಂದೇ ವ್ಯತ್ಯಾಸ, ಇದು ಗಿಡದ ನಾರಲ್ಲ, ಕಲ್ಲಿನ ನಾರು. ನೆಲದೊಳಗಿಂದ ಬಂಡೆ ತೆಗೆದು ಪುಡಿ ಮಾಡಿದರೆ ಹತ್ತಿ ಹಿಂಜಿದ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತೆ. ಸುಡೋದಿಲ್ಲ, ಕೊಳೆಯೋದಿಲ್ಲ. ಸೂರಿನ ಮೇಲೆ ಇವೆಲ್ಲಾ ಒಳ್ಳೇ ಗುಣಗಳು, ಎದೆಯೊಳಗೆ ಹೋದರೆ ಇವೇ ಕೆಟ್ಟ ಗುಣಗಳು. ನಮ್ಮ ಹಾಸನ ಜಿಲ್ಲೆಯ ಕಲ್ಲಿನಲ್ಲೂ ಈ ಖನಿಜ ಇದೆ. ದೇಶದಲ್ಲಿ ಹೊಸ ಗಣಿ ಗುತ್ತಿಗೆ ಕೊಡೋದನ್ನ 1986ರಲ್ಲೇ ನಿಲ್ಲಿಸಿದರು. ಆದರೆ ರಷ್ಯಾ, ಕಜಕಿಸ್ತಾನದಂಥ ಕಡೆಯಿಂದ ತರಿಸಿ ಶೀಟು ಮಾಡೋದು ನಿಂತಿಲ್ಲ. ಗಣಿ ಬೇಡ, ಶೀಟು ಇರಲಿ ಅನ್ನೋ ಈ ಲೆಕ್ಕ ನನಗಂತೂ ಇವತ್ತಿಗೂ ಅರ್ಥ ಆಗಿಲ್ಲ.

ಎದೆಯೊಳಗೆ ಏನಾಗುತ್ತೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದು ತಿಳಿದರೆ ಉಳಿದದ್ದೆಲ್ಲಾ ತಾನೇ ತಿಳಿಯುತ್ತೆ.

ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಅಪಾಯದ ಆಸ್ಬೆಸ್ಟಾಸ್ ಎಳೆ 3 ಮೈಕ್ರಾನ್‌ಗಿಂತ ತೆಳು. ಅಂದ್ರೆ ಗ್ರೈಂಡರ್ ಹಾಕಿದಾಗ ನಮಗೆ ಕಾಣಿಸೋ ಬಿಳೀ ದೂಳು ಅಸಲಿ ಕಳ್ಳ ಅಲ್ಲ. ಅದು ನೆಲಕ್ಕೆ ಕೂತ ಮೇಲೂ ಕಣ್ಣಿಗೆ ಕಾಣದ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲ್ತಿರುತ್ತವೆ. ಉಸಿರಿನ ಜೊತೆ ಒಳಗೆ ಹೋದ ರಾಗಿ ದೂಳು, ಮಣ್ಣಿನ ದೂಳು ಹೆಚ್ಚಿನ ಪಾಲು ಮೂಗು, ಗಂಟಲಲ್ಲೇ ಸಿಕ್ಕಿ ಕಫದಲ್ಲಿ ಹೊರಗೆ ಬರುತ್ತೆ. ಈ ಸೂಜಿಯಂಥ ಎಳೆ ನೇರ ಶ್ವಾಸಕೋಶದ ಕೊನೆಯ ಗಾಳಿಚೀಲಕ್ಕೆ ಇಳಿಯುತ್ತೆ. ಅಲ್ಲಿ ಕಸ ನುಂಗೋಕೆ ಅಂತಲೇ ಕಾವಲಿರೋ ಬಿಳಿ ರಕ್ತಕಣಗಳಿವೆ. ಅವು ಎಳೆಯನ್ನ ನುಂಗೋಕೆ ಹೋಗ್ತವೆ. ಎಳೆ ಉದ್ದ, ಕಣ ಚಿಕ್ಕದು. ಕೇರೆಹಾವು ನುಂಗೋಕೆ ಹೋದ ಕಪ್ಪೆ ಥರ. ಕಣ ಸಾಯುತ್ತೆ, ಅದರೊಳಗಿನ ರಸ ಸುತ್ತಲಿನ ಮಾಂಸವನ್ನ ಸುಡುತ್ತೆ, ಎಳೆ ಮಾತ್ರ ಹಾಗೇ ಇರುತ್ತೆ. ಆಮೇಲೆ ಇನ್ನೊಂದು ಕಣ ಬರುತ್ತೆ. ಇದೇ ಜಗಳ ವರ್ಷಾನುಗಟ್ಟಲೆ ನಡೆದು ಆ ಜಾಗ ಗಾಯ ಮಾಗಿದ ಕಲೆ ಥರ ಗಟ್ಟಿಯಾಗುತ್ತೆ. ಸ್ಪಂಜಿನ ಹಾಗಿರಬೇಕಾದ ಶ್ವಾಸಕೋಶ ಒಣಗಿದ ತೊಗಲಿನ ಹಾಗೆ ಬಿಗಿಯುತ್ತೆ. ಇದಕ್ಕೆ ಆಸ್ಬೆಸ್ಟೋಸಿಸ್ ಅಂತಾರೆ. ಗಟ್ಟಿಯಾದದ್ದನ್ನ ಮತ್ತೆ ಮೆತ್ತಗೆ ಮಾಡೋ ಔಷಧಿ ಇಲ್ಲ.

ಎರಡನೇದು ಶ್ವಾಸಕೋಶದ ಕ್ಯಾನ್ಸರ್. ಬೀಡಿ, ಸಿಗರೇಟು ಸೇದೋರು ಇಲ್ಲಿ ಗಮನ ಕೊಡಬೇಕು. ಅಮೆರಿಕದ ಆಸ್ಬೆಸ್ಟಾಸ್ ಕೆಲಸಗಾರರ ಮೇಲೆ ನಡೆದ, 1979ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡ ಲೆಕ್ಕ ಹೀಗಿದೆ: ಎರಡೂ ಇಲ್ಲದವನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಒಂದು ಅಂತಿಟ್ಟುಕೊಂಡರೆ, ಬರೀ ಆಸ್ಬೆಸ್ಟಾಸ್ ದೂಳು ಕುಡಿದವನಿಗೆ ಐದು, ಬರೀ ಸೇದುವವನಿಗೆ ಸುಮಾರು ಹತ್ತು, ಎರಡೂ ಇರೋನಿಗೆ ಐವತ್ತರ ಆಸುಪಾಸು. ಐದಕ್ಕೆ ಹತ್ತು ಕೂಡಿಸಿದ್ದಲ್ಲ, ಗುಣಿಸಿದ್ದು. ಹಳೇ ದೂಳನ್ನ ಎದೆಯಿಂದ ತೆಗೆಯೋಕೆ ಆಗಲ್ಲ, ಆದರೆ ಬೀಡಿ ಬಿಡೋದು ಕೈಯಲ್ಲೇ ಇದೆ. ಬಿಟ್ಟರೆ ಆ ಐವತ್ತು ನಿಧಾನವಾಗಿ ಇಳಿಯುತ್ತೆ.

ಮೂರನೇದರ ಹೆಸರು ಮೀಸೋಥೀಲಿಯೋಮ. ಶ್ವಾಸಕೋಶದ ಸುತ್ತ, ಕೆಲವರಿಗೆ ಹೊಟ್ಟೆಯ ಒಳಗೂ ಇರೋ ತೆಳು ಪೊರೆಗೆ ಬರೋ ಕ್ಯಾನ್ಸರ್. ಇದು ಅಪರೂಪ, ಆದರೆ ಬಂದರೆ ಬಹುಪಾಲು ಕಾರಣ ಆಸ್ಬೆಸ್ಟಾಸೇ. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಅನ್ನೋ ವೈದ್ಯರು ತಮ್ಮ ಜೊತೆಗಾರರೊಂದಿಗೆ ಇಂಥ 33 ರೋಗಿಗಳ ವಿವರ ಬರೆದರು. ಬಹುತೇಕ ಎಲ್ಲರೂ ನೀಲಿ ಆಸ್ಬೆಸ್ಟಾಸ್ ಗಣಿ ಇದ್ದ ಸೀಮೆಯವರು. ಎಲ್ಲರಿಗೂ ಗಾಬರಿಯಾಗಿದ್ದು ಏನಂದ್ರೆ, ಅವರಲ್ಲಿ ಎಷ್ಟೋ ಜನ ಗಣಿಗೆ ಇಳಿದವರೇ ಅಲ್ಲ. ಚಿಕ್ಕಂದಿನಲ್ಲಿ ಗಣಿ ಹತ್ತಿರದ ಊರಲ್ಲಿ ಇದ್ದವರು, ಆ ದೂಳಿನ ನಡುವೆ ಆಡಿ ಬೆಳೆದವರು. ಐದು ವರ್ಷ ಕಳೆದು 1965ರಲ್ಲಿ ಲಂಡನ್ನಿನಲ್ಲಿ ನ್ಯೂಹೌಸ್, ಥಾಂಪ್ಸನ್ ಅನ್ನೋ ಇಬ್ಬರು ಇದೇ ರೋಗದ ಹಿಂದೆ ಬಿದ್ದರು. ಕಾರ್ಖಾನೆಯ ಬಾಗಿಲನ್ನೂ ನೋಡದ ಹೆಂಗಸರು ಅವರಿಗೆ ಸಿಕ್ಕಿದರು. ಗಂಡಂದಿರು ಮನೆಗೆ ತಂದ ಕೆಲಸದ ಬಟ್ಟೆಯನ್ನ ಕೊಡವಿ ಒಗೆದದ್ದೇ ಅವರು ಮಾಡಿದ ಕೆಲಸ.

ಇದನ್ನ ಓದಿದ ರಾತ್ರಿ ನನಗೆ ಮಗಳ ರಂಗೋಲಿ ಫೋಟೋ ಕಣ್ಣ ಮುಂದೆ ಬಂತು. ಸ್ಟೇಟಸ್‌ನಿಂದ ಹೋಗಿತ್ತು, ಫೋನಲ್ಲಿ ಇನ್ನೂ ಇತ್ತು.

ನಿಮ್ಮಲ್ಲಿ ಯಾರಾದರೂ ನನ್ನ ಹಾಗೇ ಒಂದೆರಡು ಸಲ ಕುಯ್ದಿದ್ದರೆ ಎದೆ ಒಡೆದುಕೊಳ್ಳಬೇಡಿ. ಡಾಕ್ಟರನ್ನ ಕೇಳಿದೆ. ಎಷ್ಟು ದೂಳು, ಎಷ್ಟು ದಿನ, ಎಷ್ಟು ವರ್ಷ ಅನ್ನೋದರ ಮೇಲೆ ಅಪಾಯ ಏರುತ್ತೆ, ಒಂದು ದಿನದ ಕೆಲಸಕ್ಕೆ ಅಪಾಯ ಚಿಕ್ಕದು. ಆದರೆ ಇಷ್ಟರೊಳಗೆ ಇದ್ದರೆ ಏನೂ ಆಗಲ್ಲ ಅನ್ನೋ ಗೆರೆಯೂ ಇಲ್ಲ. ಬಿಳಿ ಆಸ್ಬೆಸ್ಟಾಸ್ ಆದರೆ ಪರವಾಗಿಲ್ಲ ಅಂತ ಮಾರೋರು ಹೇಳೋದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿ, ಕಂದು, ನೀಲಿ ಎಲ್ಲವನ್ನೂ ಕ್ಯಾನ್ಸರ್ ತರೋ ವಸ್ತುಗಳ ಮೊದಲನೇ ಗುಂಪಿಗೇ ಹಾಕಿದೆ. ಕೆಲಸದ ಜಾಗದ ಆಸ್ಬೆಸ್ಟಾಸಿನಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ ಅಂತ ಆ ಸಂಸ್ಥೆಯ ಅಂದಾಜು.

ಇದರ ದೊಡ್ಡ ಮೋಸ ಇರೋದು ಕಾಲದಲ್ಲಿ. ಕ್ರಿಮಿನಾಶಕ ಹೊಡೆದು ತಲೆ ಸುತ್ತಿದರೆ ಅವತ್ತೇ ಗೊತ್ತಾಗುತ್ತೆ. ಈ ದೂಳು ಕುಡಿದರೆ ಅವತ್ತು ಒಂದು ಕೆಮ್ಮು ಕೂಡ ಬರದೇ ಇರಬಹುದು. ರೋಗ ಕಾಣಿಸೋಕೆ ಹತ್ತರಿಂದ ನಲವತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಇಪ್ಪತ್ತೆರಡರ ಹುಡುಗ ಕುಯ್ದದ್ದರ ಲೆಕ್ಕ ಅರವತ್ತರ ಮುದುಕನ ಕೈಗೆ ಬರುತ್ತೆ.

ಮಾವನಿಗೂ ಆಗಿದ್ದು ಇದೇ. ಒಣ ಕೆಮ್ಮು, ಏದುಸಿರು, ತೂಕ ಇಳಿದಿತ್ತು. ಒಂದು ಕಡೆ ಟಿ.ಬಿ. ಅಂತ ತಿಂಗಳುಗಟ್ಟಲೆ ಮಾತ್ರೆ ಕೊಟ್ಟರು. ಕಫದಲ್ಲಿ ಟಿ.ಬಿ. ಒಂದು ಸಲವೂ ಸಿಕ್ಕಿರಲಿಲ್ಲ. ಕೊನೆಗೆ ಎದೆ ರೋಗದ ಡಾಕ್ಟರೊಬ್ಬರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿಸಿಕೊಂಡು, ಬೆರಳ ತುದಿ ನೋಡಿದರು. ತುದಿಗಳು ದಪ್ಪಗೆ ಉಬ್ಬಿದ್ದವು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಮೂವತ್ತನೇ ವಯಸ್ಸಲ್ಲಿ ಏನು ಕೆಲಸ ಮಾಡ್ತಿದ್ರಿ?" ಅದುವರೆಗೆ ಯಾರೂ ಅದನ್ನ ಕೇಳಿರಲಿಲ್ಲ, ಮಾವನೂ ಹೇಳಿರಲಿಲ್ಲ. ಕೆಲಸ ಬಿಟ್ಟು ಎಷ್ಟೋ ವರ್ಷ ಆಗಿತ್ತಲ್ಲ. ಸಿ.ಟಿ. ಸ್ಕ್ಯಾನು, ಊದಿಸಿ ನೋಡೋ ಪರೀಕ್ಷೆ ಆದ ಮೇಲೆ ಆಸ್ಬೆಸ್ಟೋಸಿಸ್ ಅಂತ ಬರೆದುಕೊಟ್ಟರು. ಹೋದ ಕಾರ್ತೀಕದಲ್ಲಿ ಮಾವ ತೀರಿಕೊಂಡರು.

ಕಾರ್ಖಾನೆ ಕೆಲಸಗಾರರಿಗೆ ಒಂದು ಕಾಗದದ ಆಸರೆಯಾದರೂ ಇದೆ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಸ್ಬೆಸ್ಟಾಸ್ ಕೆಲಸಗಾರರ ಕೇಸಿನಲ್ಲಿ, ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನ ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯತನಕ ಇಡಬೇಕು ಅಂತ ಹೇಳಿತು. ನಮಗೆ, ಅಂದ್ರೆ ನಮ್ಮ ಕೊಟ್ಟಿಗೆಗೆ ನಾವೇ ಶೀಟು ಹಾಕಿಕೊಳ್ಳೋರಿಗೆ, ಊರೂರು ಸುತ್ತಿ ಫಿಟ್ಟಿಂಗ್ ಮಾಡೋ ಹುಡುಗರಿಗೆ, ಅಂಥ ದಾಖಲೆ ಯಾರಿಡ್ತಾರೆ? ನಾವೇ ಇಟ್ಟುಕೊಳ್ಳಬೇಕು. ಫೋನಲ್ಲಿ ಒಂದು ನೋಟ್ ಮಾಡಿ: ಯಾವ ವರ್ಷ, ಎಲ್ಲಿ, ಎಷ್ಟು ದಿನ ಶೀಟಿನ ಕೆಲಸ. ಫೋನ್ ಬದಲಾದಾಗ ಹೋಗದ ಹಾಗೆ ನಿಮಗೇ ಒಂದು ಇಮೇಲ್ ಹಾಕಿಕೊಳ್ಳಿ. ಯಾವತ್ತಾದರೂ ಬಿಡದ ಕೆಮ್ಮು, ಏದುಸಿರು ಬಂದರೆ ಡಾಕ್ಟರು ಕೇಳದಿದ್ದರೂ ಅದನ್ನ ತೋರಿಸಿ.

ಈಗ ಕೆಲಸದ ವಿಷಯ.

ನಿಮ್ಮ ಸೂರಿನಲ್ಲಿರೋದು ಆಸ್ಬೆಸ್ಟಾಸ್ ಹೌದೋ ಅಲ್ಲವೋ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ. ಶೀಟಿನ ಮೇಲೆ ಐಎಸ್ 459 ಅಂತ ಅಚ್ಚಿದ್ದರೆ ಹೌದು, ಅದು ಆಸ್ಬೆಸ್ಟಾಸ್ ಶೀಟಿನ ಮಾನದಂಡದ ನಂಬರು. ಈಗೀಗ ಆಸ್ಬೆಸ್ಟಾಸ್ ಇಲ್ಲದ ಫೈಬರ್ ಸಿಮೆಂಟ್ ಶೀಟೂ ಅಂಗಡಿಯಲ್ಲಿದೆ. ಹಳೇ ಬೂದುಬಣ್ಣದ ಶೀಟು, ಅಚ್ಚು ಅಳಿಸಿಹೋಗಿದೆ ಅಂದ್ರೆ ಆಸ್ಬೆಸ್ಟಾಸೇ ಅಂತ ತಿಳ್ಕೊಂಡು ಕೆಲಸ ಮಾಡಿ.

ಗಟ್ಟಿಯಾಗಿರೋ, ಒಡೆಯದ ಶೀಟು ಸುಮ್ಮನೆ ಮೇಲಿದ್ದರೆ ಹೆಚ್ಚು ಎಳೆ ಬಿಡಲ್ಲ, ಸಿಮೆಂಟ್ ಹಿಡಿದಿಟ್ಟುಕೊಂಡಿರುತ್ತೆ. ಇವತ್ತೇ ಕಿತ್ತು ಬಿಸಾಕಬೇಕು ಅಂತ ಹೊರಟರೆ ಇಲ್ಲದ ದೂಳನ್ನ ನಾವೇ ಎಬ್ಬಿಸಿದ ಹಾಗೆ. ಅಪಾಯ ಇರೋದು ಕುಯ್ಯೋದು, ಡ್ರಿಲ್ ಮಾಡೋದು, ಉಜ್ಜೋದು, ಒಡೆಯೋದು, ಒಣಗಿದ್ದನ್ನ ಗುಡಿಸೋದು ಇವುಗಳಲ್ಲಿ. ಗ್ರೈಂಡರಂತೂ ಎಲ್ಲಕ್ಕಿಂತ ಕೆಟ್ಟದ್ದು. ಕುಯ್ಯೋದೇ ಬೇಡ ಅನ್ನೋ ಹಾಗೆ ಅಳತೆ ಹಾಕಿ. ಶೀಟು ಬೇರೆ ಬೇರೆ ಉದ್ದದಲ್ಲಿ ಸಿಗುತ್ತೆ, ಉಳಿದದ್ದನ್ನ ಒಂದರ ಮೇಲೊಂದು ಜಾಸ್ತಿ ಹೊದಿಸಿ ಸರಿ ಮಾಡಬಹುದು. ಕುಯ್ಯಲೇಬೇಕಾದರೆ ಬಯಲಲ್ಲಿ, ಚೆನ್ನಾಗಿ ನೆನೆಸಿ, ಕೈ ಗರಗಸದಲ್ಲಿ ನಿಧಾನವಾಗಿ ಕುಯ್ಯಿರಿ. ಮಕ್ಕಳು, ದನ ಹತ್ತಿರ ಇರಬಾರದು. ತೋಟದ ಹಳೇ ಎ.ಸಿ. ಪೈಪಿಗೂ ಇದೇ ಮಾತು.

ನೆನೆಸೋಕೆ ನಮ್ಮ ಬ್ಯಾಟರಿ ಸ್ಪ್ರೇಯರೇ ಸಾಕು. ಔಷಧಿ ಹೋಗೋ ಹಾಗೆ ಚೆನ್ನಾಗಿ ತೊಳೆದು, ನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪು ಬೆರೆಸಿ. ಸೋಪು ಇದ್ದರೆ ನೀರು ಜಾರಿಹೋಗದೆ ಶೀಟಿಗೆ ಹಿಡಿಯುತ್ತೆ. ನೀರು ಹೊಡೆಯೋ ಮುಂಚೆ ಶೆಡ್ಡಿನ ಮೇನ್ ಸ್ವಿಚ್ ಆಫ್ ಮಾಡೋದು ಮರೀಬೇಡಿ. ಬಿಚ್ಚೋವಾಗ ತುಕ್ಕು ಹಿಡಿದ ಬೋಲ್ಟನ್ನ ಕತ್ತರಿಸಿ, ಶೀಟನ್ನ ಒಡೆಯಬೇಡಿ. ಮೇಲಿಂದ ಎಸೆಯದೆ ಇಬ್ಬರು ಹಿಡಿದು ಇಳಿಸಿ.

ಟವೆಲ್ಲು, ಬಟ್ಟೆ ಮಾಸ್ಕು, ಕೊರೊನಾ ಕಾಲದ ನೀಲಿ ಮಾಸ್ಕು ಯಾವುದೂ ಈ ಎಳೆಯನ್ನ ತಡೆಯಲ್ಲ. ಎನ್95 ಕೂಡ ಈ ಕೆಲಸಕ್ಕೆ ಸಾಲದು. ಎಫ್‌ಎಫ್‌ಪಿ3 ಮಾಸ್ಕು ಅಥವಾ ಪಿ100 ಫಿಲ್ಟರ್ ಇರೋ ರಬ್ಬರ್ ಮಾಸ್ಕು ಬೇಕು. ಗಡ್ಡ ಇದ್ದರೆ ಅದೂ ಮುಖಕ್ಕೆ ಸರಿಯಾಗಿ ಕೂರಲ್ಲ, ಸಂದಿಯಲ್ಲಿ ಗಾಳಿ ನುಗ್ಗುತ್ತೆ. ಕೆಲಸ ಮುಗಿದ ಮೇಲೆ ನೆಲವನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನ ಕವರಿಗೆ ಕಟ್ಟಿ. ಹಾಕಿದ್ದ ಅಂಗಿಯನ್ನ ಕೊಡವದೆ ಹೊರಗೇ ಬಿಚ್ಚಿ ನೀರಲ್ಲಿ ಮುಳುಗಿಸಿ, ಮನೆಯವರ ಬಟ್ಟೆ ಜೊತೆ ಸೇರಿಸಬೇಡಿ. ನೀವೇ ಒಗೆಯಿರಿ, ಅಮ್ಮನಿಗೋ ಹೆಂಡತಿಗೋ ಕೊಡಬೇಡಿ.

ನಲವತ್ತು ವರ್ಷ ಕಾಯದೆ ಅವತ್ತೇ ಕೊಲ್ಲೋ ಅಪಾಯವೂ ಈ ಶೀಟಿಗಿದೆ. ಹಳೇ ಶೀಟು ಮೇಲಿಂದ ಗಟ್ಟಿ ಕಾಣಿಸುತ್ತೆ, ಕಾಲಿಟ್ಟರೆ ಹಪ್ಪಳ. ತೆಂಗಿನ ಗರಿ ತೆಗೆಯೋಕೆ, ಸೋರೋ ಜಾಗ ನೋಡೋಕೆ ಅಂತ ಹತ್ತಿ ಸೀದಾ ಕೆಳಗೆ ಬಿದ್ದವರನ್ನ ನೀವೂ ನೋಡಿರ್ತೀರಿ. ಆದಷ್ಟೂ ಕೆಳಗಿಂದಲೇ, ಏಣಿಯಿಂದಲೇ ಕೆಲಸ ಮಾಡಿ. ಹತ್ತಲೇಬೇಕಾದರೆ ಪೈಪು ಅಥವಾ ತೊಲೆ ಇರೋ ಸಾಲಿಗೆ ಅಡ್ಡ ಹಲಗೆ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡೇ ಹೋಗಿ.

ಬೇಸಿಗೆಯಲ್ಲಿ ಹುಳು ಮನೆ ತಂಪಾಗಲಿ ಅಂತ ಶೀಟಿನ ಮೇಲೆ ಸುಣ್ಣ ಹೊಡೀತೀವಿ. ಅದು ಒಳ್ಳೇದೇ. ಆದರೆ ಮುಂಚೆ ಪಾಚಿ ಹೋಗಲಿ ಅಂತ ವೈರ್ ಬ್ರಷ್ ಹಾಕಿ ಕೆರೆಯೋದು, ಪ್ರೆಶರ್ ವಾಷರ್ ಹಿಡಿಯೋದು ಬೇಡ. ಪಾಚಿ ಜೊತೆ ಶೀಟಿನ ಮೇಲ್ಪದರವೂ ಏಳುತ್ತೆ, ಎಳೆ ಬಿಡಿಯಾಗುತ್ತೆ. ನೆನೆಸಿ, ಪಾಚಿ ಮೇಲೇ ಸುಣ್ಣ ಹೊಡೆದರೂ ತಂಪಿಗೆ ಮೋಸ ಇಲ್ಲ. ಇಲ್ಲಾಂದ್ರೆ ಒಂದಡಿ ಮೇಲೆ ನೆರಳು ಬಲೆ ಕಟ್ಟಿ.

ಸೂರಂಚಿನ ದೋಣಿಯಲ್ಲಿ ಮಳೆ ನೀರಿನ ಜೊತೆ ಇಳಿದ ಬೂದುಬಣ್ಣದ ಕೆಸರು ಕೂತಿರುತ್ತೆ ನೋಡಿ, ಅದರಲ್ಲೂ ಈ ಎಳೆ ಇರುತ್ತೆ. ಒಣಗಿದ ಮೇಲೆ ಕೆರೆದು ತಿಪ್ಪೆಗೋ ಸೊಪ್ಪಿನ ಮಡಿಗೋ ಹಾಕಬೇಡಿ. ಒದ್ದೆ ಇರೋವಾಗಲೇ ಬಾಚಿ ಚೀಲಕ್ಕೆ ಕಟ್ಟಿ. ಶೀಟಿನಿಂದ ಹಿಡಿದ ಮಳೆ ನೀರು ಕುಡಿಯಬಹುದಾ ಅಂತ ತುಂಬಾ ಜನ ಕೇಳ್ತಾರೆ. ಕುಡಿದ ನೀರಿನಲ್ಲಿ ಹೋದ ಆಸ್ಬೆಸ್ಟಾಸ್‌ನಿಂದ ರೋಗ ಬರುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಭಯ ಉಸಿರಿನದ್ದು. ನಾನಂತೂ ಆ ನೀರನ್ನ ಹಿಪ್ಪುನೇರಳೆ ತೋಟಕ್ಕೆ ಬಿಡ್ತೀನಿ, ಕುಡಿಯೋಕೆ ಬೇರೆ ನೀರಿದೆ.

ಒಡೆದ ಚೂರುಗಳ ಕಥೆ ಇನ್ನೂ ಬೇರೆ. ನಮ್ಮೂರಲ್ಲಿ ಅವು ಕೋಳಿ ಗೂಡಿನ ಮುಚ್ಚಳ, ಬಚ್ಚಲ ಗೋಡೆ, ಹೂವಿನ ಮಡಿಯ ಅಂಚು ಎಲ್ಲಾ ಆಗಿವೆ. ಕೆಟ್ಟದ್ದು ಅಂದ್ರೆ ಬಂಡಿ ದಾರಿಯ ಗುಂಡಿಗೆ ತುಂಬೋದು. ಟ್ರ್ಯಾಕ್ಟರ್ ಒಂದೊಂದು ಸಲ ಓಡಾಡಿದಾಗಲೂ ಅರೆದು ಪುಡಿ ಮಾಡುತ್ತೆ, ಬೇಸಿಗೆಯಲ್ಲಿ ಅದೇ ದೂಳು ಶಾಲೆಗೆ ಹೋಗೋ ಮಕ್ಕಳ ಮೂಗಿಗೆ. ಮುಂದೆ ಹೊಸ ಶೆಡ್ಡು ಕಟ್ಟೋರು ಹೆಂಚು, ಬಣ್ಣದ ತಗಡು, ಆಸ್ಬೆಸ್ಟಾಸ್ ಇಲ್ಲದ ಶೀಟು ಮೂರರ ರೇಟೂ ಕೇಳಿ ನೋಡಿ. ತಗಡು ಕಾಯುತ್ತೆ ನಿಜ. ಅದರ ಕೆಳಗೆ ಬಿದಿರು ಚಾಪೆ, ಮೇಲೆ ಗರಿ ಹಾಕಿದ ಹುಳು ಮನೆಗಳು ಚೆನ್ನಾಗೇ ನಡೀತಿವೆ.

ನಾನು ಕುಯ್ದ ಒಂಬತ್ತು ಶೀಟು ಇನ್ನೂ ಹುಳು ಮನೆ ಮೇಲೇ ಇವೆ. ಕುಯ್ದ ಅಂಚುಗಳಿಗೆ ದಪ್ಪಗೆ ಎರಡು ಸಲ ಪೇಂಟ್ ಬಳಿದಿದ್ದೀನಿ. ಚೂರುಗಳನ್ನ ನೆನೆಸಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಟೇಪ್ ಹಾಕಿ, ಮೇಲೆ ಆಸ್ಬೆಸ್ಟಾಸ್, ಒಡೆಯಬೇಡಿ ಅಂತ ದೊಡ್ಡದಾಗಿ ಬರೆದು ಮೋಟಾರ್ ಮನೆ ಹಿಂದೆ ಇಟ್ಟಿದ್ದೀನಿ. ಇದನ್ನ ಎಲ್ಲಿಗೆ ಕೊಡಬೇಕು ಅಂತ ಗ್ರಾಮ ಪಂಚಾಯ್ತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಾಗದ ಬರೆದಿದ್ದೀನಿ. ಉತ್ತರ ಬಂದ ವಾರ ಇಲ್ಲೇ ಹಾಕ್ತೀನಿ. ಅಲ್ಲಿಯವರೆಗೆ ನಿಮ್ಮವನ್ನೂ ಹಾಗೇ ಸುತ್ತಿಡಿ, ಗುಜರಿಯವನು ಕೇಳಿದರೂ ಕೊಡಬೇಡಿ.